ಕುರ್ಚಿಯಲ್ಲಿ ಕೂತವನು, ಕೈಕಟ್ಟಿ ನಿಂತವನು

ಊರಲ್ಲಿ ಏನೇ ಕಳುವಾಗಲಿ, ಪೊಲೀಸರ ಬೂಟು ಮೊದಲು ಸದ್ದು ಮಾಡೋದು ನಮ್ಮ ಕೇರಿಯಲ್ಲಿ. ಸಾಕ್ಷಿ ಆಮೇಲೆ, ಅನುಮಾನ ಮೊದಲು. ಹಾಗಾಗಿ ಪತ್ತೇದಾರಿ ಕಾದಂಬರಿ ಓದುವಾಗ ಪತ್ತೇದಾರನ ಜಾಣತನ ನನಗೆ ದೊಡ್ಡದಾಗಿ ಕಾಣೋದಿಲ್ಲ. ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳುವವನು ಯಾರು, ಕೈಕಟ್ಟಿ ನಿಂತು ಉತ್ತರ ಕೊಡುವವನು ಯಾರು ಎಂಬುದೇ ಮುಖ್ಯವಾಗುತ್ತದೆ.

ಅಮೆರಿಕದ ನ್ವಾರ್, ಅಂದರೆ ಕತ್ತಲ ಲೋಕದ ಪತ್ತೇದಾರಿ ಕಾದಂಬರಿಗಳು, ಪೊಲೀಸು, ಕೋರ್ಟು, ದುಡ್ಡು ಒಂದಾಗಿರುವುದನ್ನು ಬಯಲು ಮಾಡಿದವು ಅಂತ ಹೊಗಳುತ್ತಾರೆ. ನಿಜ. ಆದರೆ ಡ್ಯಾಶಿಯಲ್ ಹ್ಯಾಮೆಟ್‌ನ 'ದಿ ಮಾಲ್ಟೀಸ್ ಫಾಲ್ಕನ್' (1930), ರೇಮಂಡ್ ಚಾಂಡ್ಲರ್‌ನ 'ದಿ ಬಿಗ್ ಸ್ಲೀಪ್' (1939) ತೆಗೆದು ನೋಡಿ. ಅಲ್ಲಿ ಸಲಿಂಗಿ ಗಂಡಸು ಬರೋದು ಒಂದೋ ಖದೀಮನಾಗಿ, ಇಲ್ಲಾ ಹೆಣವಾಗಿ. ಪತ್ತೇದಾರ ಅವನನ್ನು ಹೊಡೀತಾನೆ, ಹೀಯಾಳಿಸ್ತಾನೆ. ವ್ಯವಸ್ಥೆಯ ವಿರುದ್ಧ ಸಿಡಿದ ಸಾಹಿತ್ಯಕ್ಕೂ ತನ್ನದೇ ಒಂದು ಕೇರಿ ಬೇಕಾಗಿತ್ತು.

1970ರಲ್ಲಿ ಬಂದ ಜೋಸೆಫ್ ಹ್ಯಾನ್ಸೆನ್‌ನ 'ಫೇಡ್‌ಔಟ್' ಈ ಜಾಗಗಳನ್ನು ಅದಲುಬದಲು ಮಾಡಿತು. ಅದರ ನಾಯಕ ಡೇವ್ ಬ್ರಾಂಡ್‌ಸ್ಟೆಟರ್ ವಿಮಾ ಕಂಪನಿಗಾಗಿ ಸಾವುಗಳ ತನಿಖೆ ಮಾಡುವವನು, ಸಲಿಂಗಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಜೊತೆಗೆ ಬಾಳಿದ ಸಂಗಾತಿ ಕ್ಯಾನ್ಸರಿನಿಂದ ಸತ್ತಿದ್ದಾನೆ. ಆ ದುಃಖ ಹೊತ್ತುಕೊಂಡೇ ಕೆಲಸಕ್ಕೆ ಹೋಗ್ತಾನೆ. ನಾವು 'ಸಲಿಂಗಕಾಮಿ' ಅಂತೀವಲ್ಲ, ಆ ಪದದೊಳಗೆ ಕಾಮ ಬಿಟ್ಟರೆ ಮನೆಯಿಲ್ಲ, ಸಂಸಾರವಿಲ್ಲ, ಸೂತಕವಿಲ್ಲ. ಹ್ಯಾನ್ಸೆನ್ ಸೂತಕದಿಂದಲೇ ಶುರು ಮಾಡ್ತಾನೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಂಬಂಧ ಅಪರಾಧವಲ್ಲ ಅಂತಾದದ್ದು 1976ರಲ್ಲಿ. ಅಂದರೆ 1970ರ ಈ ಪತ್ತೇದಾರ ಕಾನೂನಿನ ಲೆಕ್ಕದಲ್ಲಿ ತಾನೇ ಅಪರಾಧಿ!

ಆದರೂ ನನ್ನದೊಂದು ತಕರಾರಿದೆ. ಆ ವಿಮಾ ಕಂಪನಿಯ ಯಜಮಾನ ಡೇವ್‌ನ ಅಪ್ಪನೇ. ಬಿಳಿಯ, ಸ್ಥಿತಿವಂತ; ತಟ್ಟಿದರೆ ಬಾಗಿಲು ತೆರೆಯುತ್ತದೆ. ಈ ಸವಲತ್ತಿಲ್ಲದವನು ಮೈಕೆಲ್ ನಾವಾನ 'ದಿ ಲಿಟಲ್ ಡೆತ್' (1986) ಕಾದಂಬರಿಯ ಹೆನ್ರಿ ರಿಯೋಸ್. ಬರೆದವನಂತೆಯೇ ಮೆಕ್ಸಿಕನ್ ಮೂಲದವನು, ಸಲಿಂಗಿ, ವಕೀಲ. ಬಿಳಿಯರ ಕೋರ್ಟಿನಲ್ಲಿ ಅವನ ಮೈಬಣ್ಣ ಹೊರಗಿನದು. ತನ್ನವರ ನಡುವೆ ಅವನ ಪ್ರೀತಿ ಹೊರಗಿನದು. ತಾನು ಪ್ರೀತಿಸಿದ ಹ್ಯೂ ಪ್ಯಾರಿಸ್ ಸತ್ತಾಗ ಅವನು ಸುಮ್ಮನೆ ಕೂರೋದಿಲ್ಲ. ಕೊಂದವರು ಯಾರು ಎಂಬ ಪ್ರಶ್ನೆಯ ಜೊತೆಗೆ ಯಾರ ಸಾವಿಗೆ ಲೆಕ್ಕ ಉಂಟು ಎಂಬ ಪ್ರಶ್ನೆಯೂ ಏಳುತ್ತದೆ.

ಈ ಪ್ರಶ್ನೆ ನಮಗೆ ಹೊಸದಲ್ಲ. ಕಂಬಾಲಪಲ್ಲಿಯಲ್ಲಿ 2000ದಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸತ್ತವರು ಏಳು, ಕೊಂದವರು ಸೊನ್ನೆ. ಇದಕ್ಕಿಂತ ಕಪ್ಪು ಕಾದಂಬರಿ ಯಾವುದಿದೆ?

ಈ ನೋವು ಗೊತ್ತಿರುವ ನಮ್ಮಲ್ಲೇ ಇನ್ನೊಂದು ಮಾತು ಬಾಕಿಯಿದೆ. 377ನೇ ಕಲಮಿನ ಕೆಳಗೆ ವಯಸ್ಕರ ಸಲಿಂಗ ಪ್ರೀತಿ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ನಮ್ಮ ಕೇರಿಯಲ್ಲೂ ಸಲಿಂಗಿ ಹುಡುಗರಿದ್ದಾರೆ, ನಮ್ಮ ಹೋರಾಟದ ಮೆರವಣಿಗೆಯಲ್ಲೂ ಇದ್ದಾರೆ. ಅವರ ನಡಿಗೆ, ಮಾತು ನೋಡಿ ನಾವು ಮುಸಿಮುಸಿ ನಗುವಾಗ ಕೂತಿರೋದು ಯಾರ ಕುರ್ಚಿಯಲ್ಲಿ? ದಲಿತ ವಿಮರ್ಶೆ ಈ ಪ್ರಶ್ನೆಯನ್ನು ಮೊದಲು ತನಗೇ ಕೇಳಿಕೊಳ್ಳಲಿ.