ಕಾಗಿಣಾ ದಂಡೆಯ ಓದುಗರು

ಕಾಗಿಣಾ ನದಿಯ ದಂಡೆಯಲ್ಲಿರುವ ಸೇಡಂ ತಾಲ್ಲೂಕಿನ ಮಳಖೇಡವನ್ನು ನಾವು ರಾಷ್ಟ್ರಕೂಟರ ರಾಜಧಾನಿಯೆಂದು ಕೊಂಡಾಡುತ್ತೇವೆ. ಅಂದು ಮಾನ್ಯಖೇಟವೆನಿಸಿದ್ದ ಅದು ದೊಡ್ಡ ಓದುಗರ ಊರೂ ಆಗಿತ್ತು. ಜಿನಸೇನ, ಅವನ ಶಿಷ್ಯ ಗುಣಭದ್ರ, ಗಣಿತಸಾರಸಂಗ್ರಹದ ಮಹಾವೀರಾಚಾರ್ಯ, ಕವಿರಾಜಮಾರ್ಗದ ಶ್ರೀವಿಜಯ, ಮುಂದೆ ಪೊನ್ನ, ಪುಷ್ಪದಂತ ಎಲ್ಲರೂ ಈ ಅರಸುಮನೆತನದ ಆಶ್ರಯದ ಸುತ್ತ ಬೆಳೆದವರು. ಓದಿನ ಪರಂಪರೆ ಬಹುಮಟ್ಟಿಗೆ ಒಂದೇ. ಬರಹ ಮಾತ್ರ ಒಬ್ಬೊಬ್ಬರದು ಒಂದೊಂದು ಬಗೆ. ಓದು ಬರಹವಾಗುವ ದಾರಿಯನ್ನು ಬರೆಯುವವನ ಸ್ವಭಾವವೇ ನಿರ್ಧರಿಸುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಕನ್ನಡದಲ್ಲಿ ನನಗೆ ಕಂಡಿಲ್ಲ.

ಸುಮಾರು 850ರ ಅಲಂಕಾರಗ್ರಂಥ ಕವಿರಾಜಮಾರ್ಗಕ್ಕೆ ಸಂಸ್ಕೃತ ಲಾಕ್ಷಣಿಕರಾದ ದಂಡಿಯ ಕಾವ್ಯಾದರ್ಶವೂ ಭಾಮಹನ ವಿಚಾರಗಳೂ ಆಧಾರ. ಹಲವು ಪದ್ಯಗಳು ನೇರ ಅನುವಾದಗಳೇ. ಅಷ್ಟಕ್ಕೇ ನಿಂತಿದ್ದರೆ ಶ್ರೀವಿಜಯ ಒಬ್ಬ ಒಳ್ಳೆಯ ಶಿಷ್ಯನಾಗಿ ಉಳಿಯುತ್ತಿದ್ದ. ಆದರೆ ಅವನು ಸಂಸ್ಕೃತ, ಕನ್ನಡ ಪದಗಳನ್ನು ಹೊಂದಿಕೆಯಿಲ್ಲದೆ ಸಮಾಸ ಮಾಡುವುದನ್ನು ದೋಷವೆನ್ನುತ್ತಾನೆ. ಚತ್ತಾಣ, ಬೆದಂಡೆಗಳೆಂಬ ದೇಸಿ ರೂಪಗಳಿಗೆ ಲಕ್ಷಣ ಹೇಳುತ್ತಾನೆ. ಕನ್ನಡದ ತಿರುಳೆಂದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಗುರುತಿಸುವಾಗ ತನ್ನ ದೊರೆಯ ರಾಜಧಾನಿಯನ್ನು ಅದರೊಳಗೆ ಸೇರಿಸುವುದಿಲ್ಲ. ಆಸ್ಥಾನದಲ್ಲಿದ್ದವನಿಗೆ ಇದು ಸಣ್ಣ ಧೈರ್ಯವಲ್ಲ. ಗ್ರಂಥದಲ್ಲಿ ಓದಿದ್ದನ್ನು ಜನರ ನುಡಿಯ ಮೇಲೆ ಒರೆಹಚ್ಚಿ ನೋಡುವ ಮನಸ್ಸು ಅವನದು.

ನೂರು ವರ್ಷಗಳ ನಂತರ, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದಲ್ಲಿ, ಎರಡು ವಿರುದ್ಧ ಸ್ವಭಾವಗಳು ಎದುರುಬದುರಾಗುತ್ತವೆ. ಉಭಯಕವಿಚಕ್ರವರ್ತಿ ಪೊನ್ನ ತಾನು ಕನ್ನಡದಲ್ಲಿ ಅಸಗನಿಗೂ ಸಂಸ್ಕೃತದಲ್ಲಿ ಕಾಳಿದಾಸನಿಗೂ ಮಿಗಿಲೆಂದು ಸಾರಿಕೊಂಡ. ಅವನ ಶಾಂತಿಪುರಾಣದಲ್ಲಿ ಅದೇ ಕಾಳಿದಾಸನ ರಘುವಂಶದ ನೆರಳನ್ನು ವಿದ್ವಾಂಸರು ತೋರಿಸಿದ್ದಾರೆ. ಗೆಲ್ಲಬೇಕೆಂಬ ಹಟವೇ ಅವನನ್ನು ಆ ಕವಿಯ ಹತ್ತಿರ ಕಟ್ಟಿಹಾಕಿತು. ಪುಷ್ಪದಂತ ದಣಿದು ಮಾನ್ಯಖೇಟದ ಹೊರಗಿನ ತೋಪಿನಲ್ಲಿ ತಂಗಿದ್ದವನು; ದುರ್ಜನರ ಮುಖ ನೋಡುವುದಕ್ಕಿಂತ ಕಾಡೇ ಲೇಸೆಂದವನು. ಮಂತ್ರಿ ಭರತನ ಆಸರೆಯಲ್ಲಿ 959ರಿಂದ 965ರವರೆಗೆ ಅಪಭ್ರಂಶದ ಮಹಾಪುರಾಣ ಬರೆದ. ಅದರ ಮೊದಲಲ್ಲೇ ತಾನು ಓದಿಲ್ಲವೆನ್ನುವ ಶಾಸ್ತ್ರಕಾರರ, ಕವಿಗಳ ದೊಡ್ಡ ಪಟ್ಟಿ ಕೊಡುತ್ತಾನೆ. ಇಷ್ಟು ಹೆಸರು ಬಲ್ಲವನು ಓದದವನಾಗಿರಲು ಸಾಧ್ಯವಿಲ್ಲ. ತನ್ನನ್ನು ಅಭಿಮಾನಮೇರು ಎಂದು ಕರೆದುಕೊಂಡವನ ವಿನಯವಿದು. ಅದರೊಳಗೂ ಸ್ವಾಭಿಮಾನವೇ ಇದೆ.

ಮುಂದಿನ ಕಾಲದ, ಶಹಾಬಾದ್ ಬಳಿಯ ಮರತೂರಿನ ನಂಟಿರುವ ವಿಜ್ಞಾನೇಶ್ವರ ಇನ್ನೊಂದು ಮಾದರಿ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ಟೀಕೆ ಬರೆದು ಅವನು ತನ್ನನ್ನು ಹಿಂದಿಟ್ಟುಕೊಂಡ. ಆದರೂ ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಎಂಬ ಮಿತಾಕ್ಷರದ ನಿಲುವು ಭಾರತದ ಬಹುಭಾಗದಲ್ಲಿ ಕಾನೂನಾಯಿತು.

ಈ ಪರಂಪರೆಯ ದೊಡ್ಡ ಕೊರತೆಯನ್ನೂ ಹೇಳಲೇಬೇಕು. ಓದು ಕಲಿಯದವರಲ್ಲೂ ಕಾವ್ಯದ ಮರ್ಮ ಬಲ್ಲವರಿದ್ದಾರೆಂದು ಕವಿರಾಜಮಾರ್ಗ ಮೆಚ್ಚಿತು. ಆದರೆ ಆ ಜನರ ಹಾಡನ್ನು ಯಾರೂ ಬರೆದಿಡಲಿಲ್ಲ. ಆಸ್ಥಾನಕ್ಕೂ ಬಸದಿಗೂ ಹೊರಗಿದ್ದವರು ಹೊಗಳಿಕೆಗೆ ಪಾತ್ರರಾದರು; ಮಾತಾಡುವ ಜಾಗ ಅವರಿಗೆ ಸಿಗಲಿಲ್ಲ.

ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯಲ್ಲಿ ಹುಟ್ಟಿದ ಕವಿ ಚೆನ್ನಣ್ಣ ವಾಲೀಕಾರ ಮುಖ್ಯರಾಗುವುದು ಇಲ್ಲಿಯೇ. 2019ರಲ್ಲಿ ತೀರಿಕೊಂಡ ಅವರು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದವರು. ಹಳಗನ್ನಡ ಅವರಿಗೆ ದೂರದ್ದಲ್ಲ. ಆದರೂ ‘ಕರಿತೆಲಿ ಮಾನವನ ಜೀಪದ’ ಎಂಬ ಅವರ ಕೃತಿಯ ಹೆಸರಿನಲ್ಲೇ ಈ ಭಾಗದ ಮಾತಿದೆ. ಅಂಬೇಡ್ಕರರ ಅಗಲಿಕೆ ಕುರಿತ ಅವರ ಹಾಡು ಸಭೆಗಳಲ್ಲಿ ಜನರ ಬಾಯಲ್ಲಿ ಬೆಳೆಯಿತು. ‘ವ್ಯೋಮಾವ್ಯೋಮ’ದಲ್ಲಿ ಮಹಾಕಾವ್ಯಕ್ಕೂ ಕೈಹಾಕಿದರು. ಈ ಕಾವ್ಯದ ಹಿಂದಿನ ಓದಿನಲ್ಲಿ ಪುಸ್ತಕದಷ್ಟೇ ಪಾಲು ಕೇಳಿಸಿಕೊಂಡ ಪದಗಳದ್ದು. ಮಾತು ಉಕ್ಕಿ ಹರಿದು ಬಿಗಿ ತಪ್ಪುವ ಕಡೆಗಳಿವೆ, ನಿಜ. ಆದರೆ ಸಾವಿರ ವರ್ಷದ ಹಿಂದೆ ಮೆಚ್ಚುಗೆ ಮಾತ್ರ ಪಡೆದಿದ್ದ ಜನ ಇಲ್ಲಿ ತಾವೇ ಕವಿಗಳಾದರು.

ಶ್ರೀವಿಜಯನ ಓದಿನ ಶಿಸ್ತು, ವಾಲೀಕಾರರ ಕಿವಿ ಎರಡೂ ಒಂದೇ ನೆಲದವು. ಇವೆರಡನ್ನು ಬೇರೆ ಬೇರೆ ಪಾಠಗಳಾಗಿ ಕಲಿಸುವುದನ್ನು ನಾವು ನಿಲ್ಲಿಸಬೇಕು. ವಾಡಿಯ ಸಿಮೆಂಟ್ ಕಾರ್ಮಿಕನ ಮಗಳಿಗೆ, ಚಿಂಚೋಳಿಯ ತೊಗರಿ ಬೆಳೆಗಾರನ ಮಗನಿಗೆ ಈ ಇಬ್ಬರೂ ಒಟ್ಟಿಗೆ ಸಿಕ್ಕರೆ, ಮುಂದಿನ ಮಾರ್ಗವನ್ನು ಅವರು ತಮ್ಮ ಸ್ವಭಾವಕ್ಕೆ ತಕ್ಕಂತೆ ಬರೆದುಕೊಳ್ಳುತ್ತಾರೆ.