ಜತೆಗೆ ಯಾರೂ ಇಲ್ಲದ ರೋಗಿ

ನಮ್ಮ ಆಸ್ಪತ್ರೆಗಳು ನಡೆಯುವುದು ರೋಗಿಯ ಜತೆಗೆ ಬಂದವರ ಓಡಾಟದಿಂದ. ಕೌಂಟರಿನಲ್ಲಿ ದುಡ್ಡು ಕಟ್ಟುವವರು, ಔಷಧಿ ತರುವವರು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಮುಟ್ಟಿಸುವವರು, ಆಪರೇಷನ್ನಿಗೆ ಸಹಿ ಹಾಕುವವರು, ಹೊತ್ತಿಗೆ ಸರಿಯಾಗಿ ಗಂಜಿ ಕುಡಿಸುವವರು ಎಲ್ಲ ಮನೆಯವರೇ. ಉಡುಪಿಯ ಇಂದ್ರಾಳಿ ರೈಲು ನಿಲ್ದಾಣದ ಬಳಿಯೋ ಬಸ್‌ಸ್ಟ್ಯಾಂಡಿನಲ್ಲೋ ಬಿದ್ದಿದ್ದವನನ್ನು ಎತ್ತಿ ತಂದಾಗ ಇವರಲ್ಲಿ ಒಬ್ಬರೂ ಇರುವುದಿಲ್ಲ. ಆಧಾರ್ ಇಲ್ಲ, ರೇಷನ್ ಕಾರ್ಡ್ ಇಲ್ಲ, ಕೇಸ್ ಶೀಟಿನಲ್ಲಿ ಹೆಸರಿನ ಜಾಗದಲ್ಲಿ ‘ಅಪರಿಚಿತ’ ಎಂದಿರುತ್ತದೆ. ಕಾಲಿನ ಹುಣ್ಣು ಮಾಗುತ್ತದೆ. ಡಿಸ್ಚಾರ್ಜ್ ಮಾಡಿ ಕಳಿಸುವುದೆಲ್ಲಿಗೆ? ಇದಕ್ಕೆ ಉತ್ತರ ಹುಡುಕುವುದನ್ನು ನಮ್ಮ ವೈದ್ಯ ವಿದ್ಯಾರ್ಥಿಗಳಿಗೆ ಯಾರೂ ಕೆಲಸವೆಂದು ಕಲಿಸುವುದಿಲ್ಲ.

2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮ ವೈದ್ಯನಿಗೆ 5 ಪಾತ್ರಗಳನ್ನು ಹೇಳಿತು: ಚಿಕಿತ್ಸಕ, ತಂಡದ ನಾಯಕ ಮತ್ತು ಸದಸ್ಯ, ಸಂವಹನ ಬಲ್ಲವನು, ಬದುಕಿಡೀ ಕಲಿಯುವವನು, ವೃತ್ತಿನಿಷ್ಠ. ಕೆನಡಾದ ‘ಕ್ಯಾನ್‌ಮೆಡ್ಸ್’ ಚೌಕಟ್ಟಿನಲ್ಲಿ ಪಾತ್ರಗಳು 7. ರೋಗಿಯ ಪರ ವಕಾಲತ್ತು ವಹಿಸುವುದು ಅವುಗಳಲ್ಲೊಂದು. ನಮ್ಮಲ್ಲಿ ‘ಎಟ್‌ಕಾಮ್’ ಎಂಬ ನೀತಿ ಮತ್ತು ಸಂವಹನದ ಪಾಠಗಳಿವೆ, ಅದರಲ್ಲಿ ಆರೋಗ್ಯ ಸೇವೆ ಒಂದು ಹಕ್ಕು ಎಂಬ ಘಟಕವೂ ಇದೆ. ಒಳ್ಳೆಯ ಪಾಠವೇ. ಆದರೆ ತರಗತಿಯಲ್ಲಿ ಕೂತು ಚರ್ಚಿಸಿದ ಹಕ್ಕು ವಾರ್ಡಿನವರೆಗೆ ಬರುವುದು ಕಷ್ಟ.

2021-22ರ ತಂಡದಿಂದ ಶುರುವಾದ ಕುಟುಂಬ ದತ್ತು ಯೋಜನೆ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ವಿದ್ಯಾರ್ಥಿ ಹಳ್ಳಿಯ ಕೆಲವು ಮನೆಗಳಿಗೆ ವರ್ಷಗಟ್ಟಲೆ ಹೋಗಿ ಬರುತ್ತಾನೆ. ಬಿಪಿ, ಶುಗರ್, ಮಕ್ಕಳ ತೂಕ ನೋಡುತ್ತಾನೆ. ಆದರೆ ಹೆಸರೇ ಹೇಳುವಂತೆ ದತ್ತು ತೆಗೆದುಕೊಳ್ಳಲು ಕುಟುಂಬ ಇರಬೇಕು. ಕುಟುಂಬವೇ ಕಳೆದುಹೋದವನು ಈ ಲೆಕ್ಕಕ್ಕೆ ಸಿಗುವುದಿಲ್ಲ. ಯೋಜನೆಯ ದೊಡ್ಡ ಕೊರತೆ ಇದು.

ಕಲಿಸಲು ಜಾಗವಿಲ್ಲವೆಂಬ ನೆಪ ಉಡುಪಿಯಲ್ಲಂತೂ ನಡೆಯದು. ಬೀದಿಯಲ್ಲಿ ಅಲೆಯುವ ಮನೋರೋಗಿಗಳನ್ನು ವಿಶು ಶೆಟ್ಟಿ ಅಂಬಲಪಾಡಿಯವರು ಎಷ್ಟೋ ವರ್ಷಗಳಿಂದ ಆಸ್ಪತ್ರೆಗೆ ಸೇರಿಸುತ್ತಿದ್ದಾರೆ. ಮಾನಸಿಕ ಚಿಕಿತ್ಸೆಗೆ ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ ಇದೆ. ಕಾಪು ತಾಲೂಕಿನ ಶಂಕರಪುರದ ‘ವಿಶ್ವಾಸದ ಮನೆ’, ಕಾರ್ಕಳ ತಾಲೂಕಿನ ಬೈಲೂರಿನ ‘ಹೊಸಬೆಳಕು’ ಆಶ್ರಮ ದಿಕ್ಕಿಲ್ಲದವರಿಗೆ ಆಸರೆ ಕೊಡುತ್ತಿವೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಕಟ್ಟಿದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಿಂದ ಇವೆಲ್ಲ ಒಂದು ಬಸ್ಸಿನ ದಾರಿ. ಆದರೆ ಹಣ್ಣು ಹಂಚಿ ಫೋಟೋ ತೆಗೆದು ಮರಳುವ ಭೇಟಿಯನ್ನು ನಾನು ಕಲಿಕೆ ಎನ್ನಲಾರೆ. ಯಾರನ್ನು ಯಾವ ಠಾಣೆಯಿಂದ ತಂದರು, ಗುಳಿಗೆ ಮುಗಿದರೆ ಎಲ್ಲಿಂದ ಬರುತ್ತದೆ, ಊರಿನ ಸುಳಿವು ಹೇಗೆ ಸಿಕ್ಕಿತು ಎಂದು ಅಲ್ಲಿನ ಕಾರ್ಯಕರ್ತರ ಪಕ್ಕದಲ್ಲಿ ಕೂತು ತಿಳಿಯಬೇಕು.

ಕಾನೂನೂ ಈ ರೋಗಿಯ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನೆಯಿಲ್ಲದ ಮನೋರೋಗಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡ್ ಕೇಳುವಂತಿಲ್ಲ. 100ನೇ ಕಲಮಿನಡಿ ಪೊಲೀಸರು ಅವನನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಕಾಣೆಯಾದವನೆಂದು ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. ಈ ಕಲಮು ಬಾಯಿಗೆ ಬರುವ ಹೌಸ್ ಸರ್ಜನ್ ಒಬ್ಬ ವಾರ್ಡಿನಲ್ಲಿದ್ದರೆ ಠಾಣೆಗೆ ಫೋನ್ ಮಾಡುವ ಧೈರ್ಯ ಬರುತ್ತದೆ. ಇನ್ನೊಂದು ಅನುಕೂಲ ಮಣಿಪಾಲಕ್ಕೇ ವಿಶೇಷವಾದದ್ದು. ರೈಲು ಹತ್ತಿ ಎಲ್ಲಿಂದಲೋ ಬಂದಿಳಿದವನು ಆಡುವುದು ಬಂಗಾಳಿಯೋ ತೆಲುಗೋ ಹಿಂದಿಯೋ ಆಗಿರಬಹುದು. ತುಳು, ಕನ್ನಡ ಬಲ್ಲ ನರ್ಸಿಗೆ ಅರ್ಥವಾಗದ ಅವನ ಮಾತು, ದೇಶದ ಮೂಲೆಮೂಲೆಯಿಂದ ಓದಲು ಬಂದ ಯಾವನೋ ವಿದ್ಯಾರ್ಥಿಗೆ ತಾಯಿಭಾಷೆ. ಊರಿನ ಹೆಸರೊಂದು ಬಾಯಿಂದ ಬಂದರೆ ಹುಡುಕಾಟ ಅರ್ಧ ಮುಗಿದಂತೆ.

ವೈದ್ಯ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ. ನಾಲ್ಕೈದು ವಿದ್ಯಾರ್ಥಿಗಳ ಗುಂಪಿಗೆ ಜತೆಗಾರರಿಲ್ಲದ ಒಬ್ಬ ರೋಗಿಯನ್ನು ವಹಿಸಿ. ಅಡ್ಮಿಟ್ ಆದ ದಿನದಿಂದ ಒಂದು ನೆಲೆ ಸಿಗುವತನಕ ಅವರು ಯಾರನ್ನು ಕಂಡರು, ಎಲ್ಲಿ ಅರ್ಜಿ ಕೊಟ್ಟರು, ಎಲ್ಲಿ ಬಾಗಿಲು ಮುಚ್ಚಿತು ಎಂಬುದು ಲಾಗ್‌ಬುಕ್ಕಿನಲ್ಲಿ ಬರಲಿ, ಅದಕ್ಕೆ ಅಂಕವೂ ಇರಲಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಆದೇಶಕ್ಕೆ ಕಾಯಬೇಡಿ. ಮುಂದಿನ ತಂಡದಿಂದಲೇ ಶುರುಮಾಡಿ.