‘ಬೀಚ್ ರೀಡ್’ ಕಾದಂಬರಿಯೂ ಓದುಗರ ಆಕ್ಷೇಪಗಳೂ

ಅಮೆರಿಕದ ಲೇಖಕಿ ಎಮಿಲಿ ಹೆನ್ರಿಯವರು 2020ರಲ್ಲಿ ಪ್ರಕಟಿಸಿದ ‘ಬೀಚ್ ರೀಡ್’ ಕಾದಂಬರಿಯ ವಿಷಯದಲ್ಲಿ ಓದುಗರು ಎತ್ತಿರುವ ಆಕ್ಷೇಪಗಳಲ್ಲಿ ಎರಡನ್ನು ಇಲ್ಲಿ ಪರಿಶೀಲಿಸುತ್ತೇವೆ. ರಜೆಯ ದಿನ ದಡದಲ್ಲಿ ಕುಳಿತು ಓದುವ ಹಗುರ ಪುಸ್ತಕವೆಂಬುದು ಆ ಹೆಸರಿನ ಅರ್ಥ. ಹೊದಿಕೆಯ ಚಿತ್ರವೂ ಅದಕ್ಕೆ ತಕ್ಕುದೇ. ಒಳಗಿರುವುದಾದರೋ ತಂದೆಯ ಮರಣ, ಆತನ ಗುಪ್ತ ಪ್ರಣಯ, ಮಗಳ ರೋಷ. ಶೃಂಗಾರವನ್ನು ಬಯಸಿ ಬಂದವರಿಗೆ ಕರುಣವನ್ನು ಬಡಿಸಿದರೆಂಬುದು ಮೊದಲನೆಯ ದೂರು. ಇದನ್ನು ನಾವು ದೊಡ್ಡದೆಂದು ಎಣಿಸುವುದಿಲ್ಲ; ಹೆಸರಿನ ತಪ್ಪನ್ನು ಕೃತಿಯ ಮೇಲೆ ಹೊರಿಸಲಾಗದು.

ಎರಡನೆಯದು ವಿಚಾರಾರ್ಹ: ತಂದೆಗೆ ಕ್ಷಮೆ ತೀರ ಸುಲಭವಾಗಿ ದೊರೆಯಿತೆಂಬುದು. ನಾಯಿಕೆ ಜಾನ್ಯುವರಿ ಪ್ರೇಮಕಾದಂಬರಿಗಳನ್ನು ಬರೆಯುವವಳು. ತಂದೆತಾಯಿಗಳ ದಾಂಪತ್ಯವೇ ಅವಳ ನಂಬಿಕೆಗೆ ಆಧಾರ. ಅದು ಕುಸಿದ ಮೇಲೆ, ಮಿಚಿಗನ್ ಸರೋವರದ ದಡದಲ್ಲಿ ತಂದೆ ಗುಟ್ಟಾಗಿ ಇಟ್ಟುಕೊಂಡಿದ್ದ ಮನೆಗೆ ಅವಳು ಬರುತ್ತಾಳೆ. ನೆರೆಮನೆಯ ಲೇಖಕ ಗಸ್‌ನೊಡನೆ ಬೆಳೆಯುವ ಪ್ರೇಮ ಸೊಗಸಾಗಿದೆ. ಅದರ ವಿಚಾರ ಹೆಚ್ಚು ಹೇಳಬೇಕಾದುದಿಲ್ಲ. ಅವಳ ರೋಷವನ್ನು ಕರಗಿಸುವವು ತಂದೆ ಅವಳ ಹುಟ್ಟುಹಬ್ಬಗಳಿಗೆಂದು ಬರೆದಿಟ್ಟ ಕಾಗದಗಳು. ಸತ್ತವನು ಕಾಗದದಲ್ಲಿ ತನ್ನ ಪರವಾಗಿ ನುಡಿಯಬಲ್ಲ. ಮಗಳ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಮಾತ್ರ ಅವನಿಗಿಲ್ಲ. ಆದ್ದರಿಂದ ಅಲ್ಲಿ ನಡೆದುದನ್ನು ಸಂಧಾನವೆನ್ನುವುದು ಕಷ್ಟ. ಮಗಳು ಒಬ್ಬಳೇ ಮಾಡಿಕೊಂಡ ಸಮಾಧಾನವದು. ಓದುಗರ ಅತೃಪ್ತಿಯ ಮೂಲ ಇಲ್ಲಿದೆಯೆಂದು ನಮಗೆ ತೋರುತ್ತದೆ.

ಆದರೆ ಆಕ್ಷೇಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕಾಗಿತ್ತು. ವಂಚನೆಗೊಳಗಾದವಳು ಮೊದಲು ತಾಯಿ. ಕ್ಯಾನ್ಸರನ್ನು ಎರಡು ಸಲ ಎದುರಿಸಿದ ಈ ಹೆಂಗಸು ಗಂಡನ ವಿಷಯವನ್ನು ಮಗಳೊಡನೆ ಆಡಲೊಲ್ಲದೆ, ಕಥೆಯ ಬಹುಭಾಗದಲ್ಲಿ ಹಿನ್ನೆಲೆಯಲ್ಲಿಯೇ ಉಳಿಯುತ್ತಾಳೆ. ಅವಳು ಕ್ಷಮಿಸಿದ್ದಳೇ, ಸಹಿಸಿದ್ದಳೇ? ತಂದೆಯ ಕಾಗದಗಳಿಗೆ ದೊರೆತ ಪುಟಗಳಲ್ಲಿ ಅರ್ಧದಷ್ಟನ್ನಾದರೂ ಲೇಖಕಿ ಆ ಮೌನಕ್ಕೆ ಕೊಡಬಹುದಾಗಿತ್ತು.